ಒಂದು ಸಲಕ್ಕೆ ಒಂದೇ ತೋಳು

ಟೇಪಮ್ಮನ ಕೊರಳಿನಿಂದ ಅಳತೆ ಟೇಪು ಇಳಿದದ್ದನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇಲ್ಲ. ಅದನ್ನು ಹಾಕಿಕೊಂಡೇ ಅವಳು ತರಕಾರಿ ತರುತ್ತಾಳೆ, ಅದನ್ನು ಹಾಕಿಕೊಂಡೇ ಆಸ್ಪತ್ರೆಗೆ ಹೋಗುತ್ತಾಳೆ. ಹೊಸದಾಗಿ ಬಂದ ಡಾಕ್ಟರೊಬ್ಬರು ದೂರದಿಂದ ನೋಡಿ ಸ್ಟೆತಾಸ್ಕೋಪು ಎಂದುಕೊಂಡು, "ನೀವು ಯಾವ ವಾರ್ಡು?" ಎಂದು ಕೇಳಿದ್ದರಂತೆ. "ಹೊಲಿಗೆ ವಾರ್ಡು" ಎಂದು ಇವಳು ಉತ್ತರ ಕೊಟ್ಟಿದ್ದಳಂತೆ.

ಅವಳ ಅಂಗಡಿ ಎಂದರೆ ಬೀದಿಗೆ ತೆರೆದ ಒಂದೇ ಕೋಣೆ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಮೇಜು ಹಿಂದೆ ಯಾರದೋ ಮನೆಯ ಬಾಗಿಲಾಗಿತ್ತು. ಚಿಲಕ ಇದ್ದ ಜಾಗದಲ್ಲಿ ಈಗಲೂ ಒಂದು ತೂತು ಇದೆ, ಸೀಮೆಸುಣ್ಣದ ತುಂಡುಗಳು ಅದರೊಳಗೆ ಬಿದ್ದು ಕಳೆದುಹೋಗುತ್ತವೆ. ಕಿಟಕಿಯ ಪಕ್ಕದ ಮಣೆ ಕಾಜಕ್ಕನದು. ಹದಿನಾಲ್ಕು ವರ್ಷದಿಂದ ಅಲ್ಲೇ ಕೂತು ಗುಂಡಿ ಕಾಜಾ ಹೊಲಿದೂ ಹೊಲಿದೂ ಅವಳಿಗೆ ಆ ಹೆಸರು ಬಂದಿತ್ತು. ಅವಳ ಸೂಜಿಗಿಂತ ನಾಲಿಗೆ ಚೂಪು.

ಟೇಪಮ್ಮ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ಹೊಸ ಗಿರಾಕಿಗಳು ನಿದ್ದೆ ಬಂತೇನೋ ಅಂದುಕೊಳ್ಳುತ್ತಾರೆ. "ಹಾಕಿದ ಮೇಲೆ ದೇವರನ್ನ ಕರೆದು ಏನು ಪ್ರಯೋಜನ? ಅದಕ್ಕೇ ಮೊದಲೇ ಒಂದು ಮಾತು ಹೇಳಿಬಿಡ್ತೀನಿ" ಎನ್ನುವುದು ಅವಳ ಲೆಕ್ಕಾಚಾರ.

ಓದು ಅವಳಿಗೆ ಬಂದದ್ದು ತಡವಾಗಿ. ಮೂರನೇ ತರಗತಿಯಲ್ಲಿ ಅವಳನ್ನು ಎಬ್ಬಿಸಿ ಚಿಕ್ಕ ಮಕ್ಕಳ ಕೋಣೆಗೆ ಕಳಿಸಿದ್ದರು. ಅಲ್ಲಿಂದ ನೇರ ಮನೆಗೆ ಬಂದವಳು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಹೊಲಿಗೆ ಶುರು ಮಾಡಿದಾಗ ಅಳತೆ ಪುಸ್ತಕದಲ್ಲಿ ಹೆಸರಿನ ಬದಲು ಚಿತ್ರ ಬರೆಯುತ್ತಿದ್ದಳು: ಕನ್ನಡಕದವರಿಗೆ ಕನ್ನಡಕ, ಕೊಡೆಯವರಿಗೆ ಕೊಡೆ, ಮೀಸೆಯವರಿಗೆ ಮೀಸೆ. ಒಂದು ದಿನ ಇಬ್ಬರು ಮೀಸೆಯವರ ಪ್ಯಾಂಟು ಅದಲುಬದಲಾಗಿ, ಒಬ್ಬರಿಗೆ ಮೊಣಕಾಲಿಗೇ ನಿಂತು, ಇನ್ನೊಬ್ಬರಿಗೆ ನೆಲ ಗುಡಿಸಿತು. ಆಮೇಲೆ ಪುಸ್ತಕವನ್ನು ಗಿರಾಕಿಗಳ ಮುಂದೆ ಹಿಡಿದು, "ನಿಮ್ಮ ಹೆಸರು ನೀವೇ ಬರೀರಿ, ಬರೀತಾ ಬಾಯಲ್ಲಿ ಹೇಳಿ" ಎನ್ನತೊಡಗಿದಳು. ಅವರು ಹೇಳುವುದನ್ನು ಮೈಯೆಲ್ಲ ಕಿವಿಯಾಗಿ ಕೇಳುವಳು. ಹೀಗೆ ಎರಡು ವರ್ಷದಲ್ಲಿ ಬೀದಿಯವರೆಲ್ಲ ತಮಗೇ ಗೊತ್ತಿಲ್ಲದೆ ಅವಳಿಗೆ ಅಕ್ಷರ ಕಲಿಸಿಬಿಟ್ಟಿದ್ದರು.

ಇಂಥ ಟೇಪಮ್ಮನ ಮೇಜಿನ ಮೇಲೆ ಒಂದು ಸೋಮವಾರ ಸಂಜೆ ಶಾಲೆಯ ಚೀಟಿ ಬಂದು ಬಿತ್ತು.

ತಂದವಳು ಅವಳ ತಂಗಿಯ ಮಗಳು ಚೂಟಿ. ಆರೂವರೆ ವರ್ಷ, ಒಂದನೇ ತರಗತಿ, ಮುಂದಿನ ಎರಡು ಹಲ್ಲಿಲ್ಲ, ಕಾಲು ಒಂದು ಕಡೆ ನಿಲ್ಲುವುದಿಲ್ಲ. ತಂಗಿಗೆ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ, ತಂಗಿಯ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು. ಹಾಗಾಗಿ ಶಾಲೆ ಬಿಟ್ಟ ಮೇಲೆ ಚೂಟಿಯ ಠಿಕಾಣಿ ದೊಡ್ಡಮ್ಮನ ಅಂಗಡಿಯೇ. ಅಂದು ಅವಳು ಚೀಟಿ ಎಸೆದು, ಮೇಜಿನ ಕೆಳಗೆ ಚಿಂದಿ ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿ ಕೂತುಬಿಟ್ಟಳು.

ಟೇಪಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ಮಗು ಮ, ವ, ಪ, ಷ ಅಕ್ಷರಗಳನ್ನು ಒಂದಕ್ಕೊಂದು ಬೆರೆಸುತ್ತಿದೆ. ಮುಂದಿನ ವಾರದ ಗುರುವಾರ ಇಪ್ಪತ್ತು ಪದಗಳ ಉಕ್ತಲೇಖನ. ಹದಿನೈದಾದರೂ ಸರಿ ಬರದಿದ್ದರೆ ಈ ವರ್ಷ ಪೂರ್ತಿ ಶಿಶು ತರಗತಿಯಲ್ಲಿ ಕೂರಿಸಬೇಕಾಗುತ್ತದೆ.

ಜೊತೆಗಿದ್ದ ನೋಟ್ ಪುಸ್ತಕದಲ್ಲಿ ಕೆಂಪು ಶಾಯಿ ಉಕ್ಕಿ ಹರಿದಿತ್ತು. ಮರ ಇದ್ದಲ್ಲಿ 'ವರ', ಕವನ ಇದ್ದಲ್ಲಿ 'ಕಪನ'.

"ದೊಡ್ಡಮ್ಮಾ" ಎಂದು ಮೇಜಿನ ಕೆಳಗಿನಿಂದ ಸಣ್ಣ ದನಿ ಬಂತು. "ಅಲ್ಲಿ ಕುರ್ಚಿ ಇಷ್ಟೇ ಇಷ್ಟಿದೆ. ನನ್ನ ಮೊಣಕಾಲು ಮೂಗಿಗೆ ಬರುತ್ತೆ. ಎಲ್ಲರೂ ಕಿಟಕೀಲಿ ನಿಂತು ನೋಡ್ತಾರೆ."

ಆರು ಗಂಟೆಗೆ ತಂಗಿ ಬಂದು, ಚೀಟಿ ಓದಿ, ಮಗಳ ಮೇಲೆ ಕೈ ಎತ್ತುವಷ್ಟರಲ್ಲಿ ಟೇಪಮ್ಮ ನಡುವೆ ನಿಂತಿದ್ದಳು.

"ಅವಳನ್ನ ನಂಗೆ ಬಿಡು. ಗುರುವಾರದೊಳಗೆ ನಾನು ಕಲಿಸ್ತೀನಿ."

"ನೀನಾ ಅಕ್ಕಾ?"

"ಯಾಕೆ, ನಾನು ಕಲಿಲಿಲ್ವಾ?"

ಮಾತು ಬಾಯಿಂದ ಜಾರಿದ ಮೇಲೆ ಟೇಪಮ್ಮನಿಗೇ ಹೊಳೆಯಿತು: ಈ ಸಲ ಕತ್ತರಿ ಹಾಕುವ ಮೊದಲು ಕಣ್ಣು ಮುಚ್ಚಲು ಮರೆತಿದ್ದಳು.

ಅವಳು ಮೊದಲು ಮಾಡಿದ್ದು, ಯಾರಾದರೂ ಮಾಡುವುದನ್ನೇ. ಅಳತೆ ಮಾದರಿ ಕತ್ತರಿಸುವ ಕಂದು ಕಾಗದದ ಮೇಲೆ ನಾಲ್ಕು ಅಕ್ಷರಗಳನ್ನು ಅಕ್ಕಪಕ್ಕ, ಒಂದೊಂದು ಗೇಣುದ್ದ ಬರೆದು ಗೋಡೆಗೆ ಅಂಟಿಸಿದಳು. "ನೋಡು ಕಂದಾ, ಪ ಬಾಯಿ ತೆರೆದಿದೆ, ವ ಬಾಯಿ ಮುಚ್ಚಿದೆ. ಮ ಕೂಡ ಬಾಯಿ ಮುಚ್ಚಿದೆ, ಆದರೆ ಅದಕ್ಕೆ ಪಕ್ಕದಲ್ಲೊಂದು ಬಾಲ. ಪ ಹೊಟ್ಟೆಯೊಳಗೆ ಒಂದು ಗೆರೆ ಎಳೆದರೆ ಷ. ಎಷ್ಟು ಸುಲಭ!"

ಸೋಮವಾರ ಕಳೆಯಿತು, ಮಂಗಳವಾರ, ಬುಧವಾರ. ಚೂಟಿ ಬಾಯಿಪಾಠವನ್ನು ಅರಳು ಹುರಿದಂತೆ ಒಪ್ಪಿಸುತ್ತಿದ್ದಳು. ಪೆನ್ಸಿಲ್ ಹಿಡಿದರೆ ಮಾತ್ರ ಬಾಯಿ ಯಾರದು, ಬಾಲ ಯಾರದು, ಹೊಟ್ಟೆಗೆರೆ ಯಾರದು, ಎಲ್ಲ ಕಲಸುಮೇಲೋಗರ. ಮೊದಲು ತಪ್ಪಾದರೂ ಸರಸರ ಬರೆಯುತ್ತಿದ್ದವಳು ಈಗ ಪೆನ್ಸಿಲನ್ನು ಕಾಗದದ ಮೇಲೆ ಅಂಗುಲ ಎತ್ತರದಲ್ಲಿ ಹಿಡಿದು ದೊಡ್ಡಮ್ಮನ ಮುಖ ನೋಡುತ್ತಾಳೆ. "ಇದಾ? ಅದಾ?" ಗುರುವಾರ ಸಂಜೆಗೆ ಪರಿಸ್ಥಿತಿ ಎಲ್ಲಿಗೆ ಬಂತೆಂದರೆ, ಹಿಂದೆಂದೂ ತಪ್ಪದ 'ಅಮ್ಮ' ಬರೆಯಲು ಹೇಳಿದರೂ ಅವಳು ಗೋಡೆಯ ಕಡೆ ನೋಡಿದಳು.

ಕಿಟಕಿಯ ಪಕ್ಕದ ಮಣೆಯಿಂದ ಸೂಜಿ ನಿಂತ ಸದ್ದಾಯಿತು. ಸೂಜಿ ನಿಂತರೆ ಎಲ್ಲಿಯ ಸದ್ದು ಎನ್ನಬೇಡಿ. ಕಾಜಕ್ಕ ಸೂಜಿ ನಿಲ್ಲಿಸಿದರೆ ಬಾಯಿ ಶುರುವಾಗುತ್ತದೆ.

"ಅಕ್ಕಾ, ಒಂದು ಮಾತು ಹೇಳ್ಲಾ? ಬೈಬಾರದು."

"ಬೈಯೋ ಮಾತಾದ್ರೆ ಬೈತೀನಿ."

"ನನ್ನ ಇಪ್ಪತ್ತಾರು ಎಡಗೈ ನೆನಪಿದೆಯಾ?"

ಟೇಪಮ್ಮ ಮರೆಯುವುದುಂಟೆ? ಕಾಜಕ್ಕ ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಆಗ ಅವಳು ಕಾಜಾ ಅಲ್ಲ, ಕತ್ತರಿಸುವುದನ್ನು ಕಲಿಯುತ್ತಿದ್ದಳು. ತೋಳಿನ ಬಟ್ಟೆ ನೋಡಲು ಎರಡೂ ಒಂದೇ ತರ. ಆದರೆ ತೋಳಿನ ಮುಂದಿನ ತಿರುವು ತುಸು ಆಳ, ಹಿಂದಿನದು ಕಡಿಮೆ. ಒಳಗು ಹೊರಗು ಬೇರೆ ಬೇರೆ ಇರುವ ಬಟ್ಟೆಯಾದರೆ ಒಂದು ತೋಳು ಕತ್ತರಿಸಿದ ಮೇಲೆ ಮಾದರಿ ಕಾಗದವನ್ನು ಮಗುಚಿ ಹಾಕಬೇಕು. ಇವಳು ಮಗುಚಲಿಲ್ಲ. ಶಾಲೆಯ ಹದಿಮೂರು ಅಂಗಿಗೆ ಇಪ್ಪತ್ತಾರು ತೋಳು, ಇಪ್ಪತ್ತಾರೂ ಎಡಗೈಯವು. "ಎರಡೂ ಕಡೆ ಎಡಗೈ ಇರೋ ಮಕ್ಕಳನ್ನ ಎಲ್ಲಿಂದ ತರೋಣ?" ಎಂದು ಟೇಪಮ್ಮ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

"ಆಮೇಲೆ ನೀನು ಏನು ಮಾಡಿದೆ?" ಎಂದು ಕಾಜಕ್ಕ ಕೇಳಿದಳು. "ಎಡ ಬಲ ಎರಡೂ ಮಾದರಿ ಪಕ್ಕಪಕ್ಕ ಇಟ್ಟು, ನೋಡೇ ಇದು ಹೀಗೆ, ಅದು ಹಾಗೆ ಅಂತ ದಿನಾ ಬೆಳಿಗ್ಗೆ ಪಾಠ. ಮುಂದಿನ ವಾರ ನಾನು ಏನು ಕತ್ತರಿಸಿದೆ?"

"ಎಲ್ಲಾ ಬಲಗೈ" ಎಂದಳು ಟೇಪಮ್ಮ. ಆ ನೆನಪಿಗೆ ಇಬ್ಬರಿಗೂ ನಗು ಬಂತು.

"ಆಗ ನೀನು ಬಲಗೈ ಮಾದರಿನ ಬೀರುವಿಗೆ ಹಾಕಿ ಬೀಗ ಜಡಿದೆ. ಹದಿನೈದು ದಿನ ಬರೀ ಎಡಗೈ. ಕತ್ತರಿಸು, ಹೊಲಿ, ನಿನ್ನ ಕೈಗೇ ಹಾಕ್ಕೊಂಡು ನೋಡು. ಕಣ್ಣು ಮುಚ್ಚಿ ಮುಟ್ಟಿದ್ರೂ ಇದು ಎಡಗೈ ಅಂತ ಗೊತ್ತಾದ ಮೇಲೇ ಬಲಗೈ ಹೊರಗೆ ಬಂತು. ಆಮೇಲೆ ಇವತ್ತಿನವರೆಗೆ ಒಂದು ತೋಳು ತಪ್ಪಿದ್ದೀನಾ? ನಂಗೆ ಹಾಗೆ ಮಾಡಿದವಳು ಈ ಹಸುಗೂಸಿಗೆ ನಾಲ್ಕು ನಾಲ್ಕು ತೋಳು ಒಟ್ಟಿಗೆ ಕೊಟ್ಟು ಕೂತಿದ್ದೀಯಲ್ಲ!"

ಟೇಪಮ್ಮ ಧಡಕ್ಕನೆ ಎದ್ದಳು. ಸ್ಟೂಲು ಮಗುಚಿ ಬಿತ್ತು. ಗೋಡೆಯ ಕಂದು ಕಾಗದವನ್ನು ಪರ್ರನೆ ಕಿತ್ತು ಉಂಡೆ ಕಟ್ಟಿದಳು. ಚೂಟಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

"ಇವು ನಾಲ್ಕನ್ನೂ ನಾವು ಮರೆತುಬಿಟ್ಟೆವು. ಈಗ ಹೇಳು ಕಂದಾ, ನಾಲ್ಕರಲ್ಲಿ ನಿಂಗೆ ಯಾರು ಇಷ್ಟ?"

ಚೂಟಿ ಆ ಕಡೆ ಈ ಕಡೆ ನೋಡಿ, ಗುಟ್ಟು ಹೇಳುವಂತೆ ಪಿಸುಗುಟ್ಟಿದಳು. "ಮ. ಅದಕ್ಕೆ ಬಾಲ ಇದೆ."

"ಹಾಗಾದ್ರೆ ಇನ್ನು ಮ ಒಬ್ಬಳೇ ನಮ್ಮ ಮನೆಗೆ ಬರೋದು. ಬೇರೆ ಯಾರು ಬಂದು ಬಾಗಿಲು ಬಡಿದ್ರೂ ತೆಗೆಯಲ್ಲ!"

ಶುಕ್ರವಾರ ಅಂಗಡಿಯಲ್ಲಿ ಹೊಲಿಗೆ ಕಡಿಮೆ, ಗಲಾಟೆ ಹೆಚ್ಚು. ಮೇಜಿನ ಮೇಲಿದ್ದುದನ್ನೆಲ್ಲ ಇಳಿಸಿ, ಈ ತುದಿಯಿಂದ ಆ ತುದಿಗೆ ಸೀಮೆಸುಣ್ಣದಲ್ಲಿ ಒಂದೇ ಒಂದು ಮ ಬರೆದರು. ಚೂಟಿ ಮೇಜಿನ ಮೇಲೇ ಹತ್ತಿ, ಮಂಡಿಯೂರಿ, ಅದರ ಮೇಲೆ ಕೈಯಾಡಿಸುತ್ತ ಹೋದಳು. ಟೇಪಮ್ಮ ಒಂದು ಅಂಗೈಯಗಲದ ಬಟ್ಟೆಯ ಮೇಲೆ ದಪ್ಪ ನೂಲಿನಲ್ಲಿ ಮ ಹೊಲಿದು, ಕೈ ಎಲ್ಲಿಂದ ಶುರುವಾಗಬೇಕೋ ಅಲ್ಲಿ ಒಂದು ಗಂಟು ಹಾಕಿದಳು. ಕಣ್ಣಿಗೆ ಪಟ್ಟಿ ಕಟ್ಟಿದರೂ ಬೆರಳು ಆ ಗಂಟನ್ನು ಹುಡುಕಿ, ಅಲ್ಲಿಂದ ಹೊರಟು ಬಾಲದ ತುದಿಗೆ ಬಂದು ನಿಲ್ಲಬೇಕು. ಹತ್ತು ಸಲ, ಇಪ್ಪತ್ತು ಸಲ. ಸಂಜೆಯ ಹೊತ್ತಿಗೆ ಚೂಟಿ ಕಾಜಕ್ಕನ ಬೆನ್ನ ಮೇಲೆ ಬೆರಳಲ್ಲಿ ಮ ಬರೆಯುತ್ತಿದ್ದಳು, ಕಾಜಕ್ಕ ಕಚಗುಳಿ ತಾಳಲಾರದೆ ಚೀರುತ್ತಿದ್ದಳು.

ಶನಿವಾರ ಬೇಟೆಗೆ ಹೊರಟರು.

ಮೊದಲನೆಯದು ಔಷಧಿ ಅಂಗಡಿಯ ಬೋರ್ಡಿನಲ್ಲಿ ಸಿಕ್ಕಿತು. "ಮ! ಮೆಡಿಕಲ್!" ಚೂಟಿಯ ಕೂಗಿಗೆ ಒಳಗಿದ್ದವರು ಯಾರಿಗೋ ಅಪಾಯವಾಯಿತೆಂದು ಹೊರಗೆ ಓಡಿ ಬಂದರು. ಎರಡನೆಯದು 'ಮನೆ ಬಾಡಿಗೆಗೆ ಇದೆ'ಯಲ್ಲಿ. ಮೂರು, ನಾಲ್ಕು ಒಂದೇ ಬಸ್ಸಿನಲ್ಲಿ: 'ಮಹಿಳೆಯರಿಗೆ ಮಾತ್ರ'. ಬಸ್ಸು ಹೊರಟುಬಿಡುತ್ತದೆಂದು ಚೂಟಿ ಅದರ ಹಿಂದೆ ಓಡಿದಳು, ಚೂಟಿಯ ಹಿಂದೆ ಟೇಪು ಹಾರಿಸಿಕೊಂಡು ಟೇಪಮ್ಮ ಓಡಿದಳು. ನಡುವೆ ಬೇರೆ ಅಕ್ಷರಗಳೂ ಹಲ್ಲು ಕಿರಿಯುತ್ತಿದ್ದವು.

"ದೊಡ್ಡಮ್ಮಾ, ಅಲ್ಲಿದೆಯಲ್ಲ, ಅದು ಯಾರು?"

"ಪರಿಚಯ ಇಲ್ಲ. ಮುಂದೆ ನಡಿ."

ಸೈಕಲ್ ರಿಪೇರಿಯವನ ಬೋರ್ಡಿನ ಮುಂದೆ ಚೂಟಿ ನಿಂತು ನೋಡಿ, ತಲೆ ಅಲ್ಲಾಡಿಸಿ ಹೊರಟಳು. ಅವನಿಗೆ ಅವಮಾನವಾಯಿತು.

"ಏನಮ್ಮಾ, ನಮ್ಮ ಅಂಗಡಿ ಲೆಕ್ಕಕ್ಕಿಲ್ವಾ?"

"ನಿಮ್ಮಲ್ಲಿ ಮ ಇಲ್ಲ ಮಾಮಾ."

ಅವರು ಬೀದಿಯ ಕೊನೆ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಅವನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಮಧ್ಯಾಹ್ನ ಮುಚ್ಚಿರುತ್ತದೆ' ಎಂದು ಬರೆದಿದ್ದ. ಚೂಟಿ ಕುಣಿದು ಎರಡು ಮ ಎಣಿಸಿಕೊಂಡಳು. ಆ ಪುಣ್ಯಾತ್ಮ ಮಧ್ಯಾಹ್ನ ಯಾವತ್ತೂ ಮುಚ್ಚುವವನಲ್ಲ. ಅಂದಿನಿಂದ ನಾಲ್ಕು ದಿನ ಗಿರಾಕಿಗಳು ಊಟದ ಹೊತ್ತಿಗೆ ಬಾರದೆ ಹೋದದ್ದು ಯಾಕೆಂದು ಅವನಿಗೆ ಬುಧವಾರ ಹೊಳೆಯಿತಂತೆ.

ಆ ದಿನದ ಬೇಟೆ ಮೂವತ್ತೇಳು.

ಭಾನುವಾರ ಬೆಳಿಗ್ಗೆ ತಂಗಿ ಬಂದಳು. ಮಗಳ ಪುಸ್ತಕ ತೆಗೆದು ನೋಡಿದರೆ ಪುಟಗಟ್ಟಲೆ ಬರೀ ಮ. ಅವಳ ಮುಖ ಬಿಳಿಚಿಕೊಂಡಿತು.

"ಅಕ್ಕಾ, ಇನ್ನು ನಾಲ್ಕೇ ದಿನ ಇರೋದು. ನಾಲ್ಕು ಅಕ್ಷರದಲ್ಲಿ ಒಂದನ್ನ ಹಿಡ್ಕೊಂಡು ಬೀದಿ ಬೀದಿ ಕುಣೀತಿದ್ದೀರಂತೆ. ನಿಂಗೇನಾದ್ರೂ ತಲೆ ಕೆಟ್ಟಿದೆಯಾ?"

"ನಿನ್ನ ಮಗಳಿಗೆ ಈಗ ಮ ಬರುತ್ತೆ."

"ಮ ಒಂದೇ ಬಂದ್ರೆ ಹದಿನೈದು ಪದ ಬರುತ್ತಾ? ಬುಧವಾರ ರಾತ್ರಿ ನಾನು ಅವಳಿಗೆ ಏನು ಹೇಳಿ ಮಲಗಿಸ್ಲಿ? ಆ ಕುರ್ಚಿಗೆ ಹೋಗಿ ಕೂರೋದು ನೀನಲ್ಲ, ಅವಳು!"

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು. ಹೆತ್ತ ಕರುಳು ಹೆದರಿ ಆಡುವ ಮಾತಿಗೆ ಎದುರು ಮಾತು ಯಾಕೆ? ಟೇಪಮ್ಮ ಮಾತು ತೀರುವವರೆಗೂ ಕೇಳಿದಳು. ಆಮೇಲೆ ಬಟ್ಟೆಯ ಚೀಲ ಎಳೆದು ಮೇಜಿನ ಮೇಲೆ ಸುರಿದಳು. ಅದರ ತುಂಬ ಬೇರೆ ಬೇರೆ ಅಂಗಡಿಗಳ ಹಳೆಯ ಲೇಬಲ್ಲುಗಳು, ನೂರಕ್ಕೆ ಕಡಿಮೆಯಿಲ್ಲ, ಎಲ್ಲ ಬಗೆಯ ಅಕ್ಷರಗಳು, ತಲೆಕೆಳಗೆ, ಅಡ್ಡಡ್ಡ.

"ಚೂಟಿ, ಇದರಲ್ಲಿ ಮ ಇರೋದನ್ನೆಲ್ಲ ಅಮ್ಮನ ಮಡಿಲಿಗೆ ಹಾಕು."

ಚೂಟಿಯ ಕೈ ಕೋಳಿ ಕಾಳು ಹೆಕ್ಕಿದಂತೆ ಆಡಿತು. ಟಕ್, ಟಕ್, ಟಕ್. ಒಂದು ವ ಕೈಗೆ ಬಂತು. ಅವಳು ಬಾಲ ಹುಡುಕಿದಳು, ಇಲ್ಲವೆಂದು ಆಚೆ ಎಸೆದಳು. ಮಡಿಲಿಗೆ ಹನ್ನೆರಡು ಲೇಬಲ್ಲು ಬಿದ್ದವು. ತಂಗಿ ಒಂದೊಂದನ್ನೇ ಎತ್ತಿ ನೋಡಿದಳು. ಹನ್ನೆರಡೂ ಸರಿ. ಹೋಗುವಾಗ ಮಗಳ ಪುಸ್ತಕವನ್ನು ಜೊತೆಗೆ ಒಯ್ಯದೆ ಅಲ್ಲೇ ಬಿಟ್ಟು ಹೋದಳು.

ಬಾಗಿಲು ಮುಚ್ಚಿದ ಮೇಲೆ ಟೇಪಮ್ಮ ಕಣ್ಣು ಮುಚ್ಚಿ ನಿಂತಳು. ಕೈಯಲ್ಲಿ ಕತ್ತರಿಯಿರಲಿಲ್ಲ.

ಸೋಮವಾರ ಎರಡನೆಯ ಅತಿಥಿ ಬಂತು: ಪ. ವ ಬೇಡವೆಂದು ಟೇಪಮ್ಮನೇ ತೀರ್ಮಾನಿಸಿದಳು, ಅದು ಮ ಅಕ್ಷರಕ್ಕೆ ಪಕ್ಕದ ಮನೆಯಷ್ಟು ಹತ್ತಿರ. ಪ ಬಾಯಿ ತೆರೆದುಕೊಂಡು ತುಸು ದೂರ ನಿಂತಿದೆ. ಮತ್ತೆ ಮೇಜು ಖಾಲಿಯಾಯಿತು, ಮತ್ತೆ ದಪ್ಪ ನೂಲು, ಗಂಟು, ಕಣ್ಣುಪಟ್ಟಿ. ಚೂಟಿಗೆ ಈಗ ದಾರಿ ಗೊತ್ತಿತ್ತು. ಮೂರು ದಿನ ಬೇಕಾಗಿದ್ದ ಕೆಲಸ ಎರಡೇ ದಿನಕ್ಕೆ ಮುಗಿದು, ಬುಧವಾರ ಎರಡನ್ನೂ ಕೂಡಿಸಿ ಆಡಿದರು. ಒಂದೇ ಒಂದು ಸಲವೂ ಪೆನ್ಸಿಲ್ ಗಾಳಿಯಲ್ಲಿ ನಿಲ್ಲಲಿಲ್ಲ.

ಆದರೆ ವ ಮತ್ತು ಷ ಇನ್ನೂ ಬಾಗಿಲ ಆಚೆಗೇ ಇದ್ದವು. ಬುಧವಾರ ಸಂಜೆ ಐದು ಗಂಟೆ. ಒಂದು ಗಂಟೆ ಕೂರಿಸಿ ಅವೆರಡನ್ನೂ ತುರುಕಿಬಿಡೋಣವೇ ಎಂದು ಟೇಪಮ್ಮನ ಮನಸ್ಸು ಎಳೆಯಿತು. ಸೀಮೆಸುಣ್ಣ ಕೈಗೂ ಬಂದಿತ್ತು. ಕಾಜಕ್ಕ ಕೆಮ್ಮಿದಳು.

"ಗೊತ್ತು ಕಣೇ, ಗೊತ್ತು" ಎಂದು ಟೇಪಮ್ಮ ಸೀಮೆಸುಣ್ಣ ಕೆಳಗಿಟ್ಟಳು. ಚೂಟಿಯ ಮುಂದೆ ಮಂಡಿಯೂರಿ ಕೂತು ಹೇಳಿದಳು. "ನಾಳೆ ಟೀಚರ್ ಹೇಳೋ ಪದ ಕಿವಿಗೊಟ್ಟು ಕೇಳು. ಗೊತ್ತಿರೋ ಅಕ್ಷರ ಬರಿ. ಪರಿಚಯ ಇಲ್ಲದವರು ಬಂದ್ರೆ ಅಲ್ಲಿ ಒಂದು ಬೆರಳು ಜಾಗ ಬಿಡು. ಸುಮ್ಮನೆ ಯಾರನ್ನೋ ಕೂರಿಸಬೇಡ."

"ಖಾಲಿ ಬಿಟ್ರೆ ಟೀಚರ್ ಬೈಯಲ್ವಾ?"

"ಬೈದ್ರೆ ನನ್ನ ಹೆಸರು ಹೇಳು."

ಗುರುವಾರ ಹೊಲಿದು ಮುಗಿದ ಸಮವಸ್ತ್ರದ ಗಂಟು ಕೊಡುವ ನೆಪ ಇತ್ತು. ಊಟದ ಬಿಡುವಿನ ಹೊತ್ತಿಗೆ ಟೇಪಮ್ಮ ಶಾಲೆಯ ಮೆಟ್ಟಿಲು ಹತ್ತಿದಳು. ಒಂದನೇ ತರಗತಿಯ ಕೋಣೆಯಲ್ಲಿ ಟೀಚರ್ ಒಬ್ಬರೇ ಕೂತು ಹಾಳೆ ತಿದ್ದುತ್ತಿದ್ದರು. ವಯಸ್ಸಿನಲ್ಲಿ ಚಿಕ್ಕವರು, ಬೆರಳಿಗೆಲ್ಲ ಕೆಂಪು ಶಾಯಿ. ಬಾಗಿಲ ಬಳಿ ಚೂಟಿ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು. ದೊಡ್ಡಮ್ಮನನ್ನು ಕಂಡು ಓಡಿಬಂದು ಟೇಪಿನ ತುದಿ ಹಿಡಿದುಕೊಂಡಳು.

"ಬನ್ನಿ ಅಮ್ಮಾ. ನಿಮ್ಮ ಹೆಸರು ಹೇಳಿದಳು ಇವಳು" ಎಂದು ಟೀಚರ್ ಒಂದು ಹಾಳೆ ಮುಂದೆ ಹಿಡಿದರು. "ಇದೇನು ಇದು?"

ಇಪ್ಪತ್ತು ಸಾಲು. ಕೆಲವು ಪದ ಪೂರ್ತಿ: ಮರ, ಕಮಲ, ಪಟ, ಪಾಠ. ಕೆಲವು ಪದಗಳ ಹೊಟ್ಟೆಯಲ್ಲಿ ಒಂದು ಬೆರಳಗಲ ಕಿಂಡಿ. ಅವನು ಎಂಬಲ್ಲಿ ಅ, ಕಿಂಡಿ, ನು. ಭಾಷಣ ಎಂಬಲ್ಲಿ ಭಾ, ಕಿಂಡಿ, ಣ.

"ಹನ್ನೊಂದು ಸರಿ ಇದೆ. ಒಂಬತ್ತರಲ್ಲಿ ಹೀಗೆ ಬಿಟ್ಟಿದ್ದಾಳೆ" ಎಂದರು ಟೀಚರ್. "ಹದಿನೈದು ಬೇಕಿತ್ತು."

ಟೇಪಿನ ತುದಿ ಹಿಡಿದ ಪುಟ್ಟ ಕೈ ಬಿಗಿಯಾಯಿತು.

"ತಪ್ಪು ಎಷ್ಟಿದೆ ಟೀಚರಮ್ಮ?"

"ಹೇಳಿದೆನಲ್ಲ, ಒಂಬತ್ತು..."

"ಅಲ್ಲ, ಖಾಲಿ ಒಂಬತ್ತು. ತಪ್ಪು ಬರೆದದ್ದು ಎಷ್ಟು?"

ಟೀಚರ್ ಪೆನ್ನು ಹಿಡಿದು ಮೇಲಿನಿಂದ ಕೆಳಗೆ ಮತ್ತೊಮ್ಮೆ ಬಂದರು. ಅರ್ಧಕ್ಕೆ ಬರುವಷ್ಟರಲ್ಲಿ ಪೆನ್ನಿನ ವೇಗ ಕಡಿಮೆಯಾಯಿತು. ಹಳೆಯ ಹಾಳೆ ಹುಡುಕಿ ತೆಗೆದು ಪಕ್ಕಕ್ಕಿಟ್ಟರು. ಅದರ ತುಂಬ ಅದಲುಬದಲು. ಹೊಸ ಹಾಳೆಯಲ್ಲಿ ಮ ಬಂದ ಕಡೆಯೆಲ್ಲ ಮ, ಪ ಬಂದ ಕಡೆಯೆಲ್ಲ ಪ.

"ಒಂದೂ ಇಲ್ಲ" ಎಂದರು, ತಮಗೇ ಹೇಳಿಕೊಂಡಂತೆ. "ಒಂದೂ ಬೆರೆಸಿಲ್ಲ." ಚೂಟಿಯ ಕಡೆ ತಿರುಗಿದರು. "ಇಲ್ಲಿ ಯಾಕೆ ಪುಟ್ಟಾ ಬಿಟ್ಟೆ?"

"ಅವರು ಇನ್ನೂ ನಮ್ಮ ಮನೆಗೆ ಬಂದಿಲ್ಲ ಟೀಚರ್. ಒಬ್ಬೊಬ್ರೇ ಬರ್ತಾರೆ. ಎಲ್ಲರೂ ಒಟ್ಟಿಗೆ ಬಂದ್ರೆ ನಂಗೆ ಮುಖ ಮರೆತುಹೋಗುತ್ತೆ."

ಟೀಚರ್ ನಕ್ಕರು, ಆಮೇಲೆ ನಗು ನಿಲ್ಲಿಸಿ ಟೇಪಮ್ಮನನ್ನು ನೋಡಿದರು. "ಏನು ಮಾಡಿದಿರಿ? ನಾನು ಮೂರು ತಿಂಗಳಿಂದ ಮಾಡ್ತಿದ್ದೀನಿ."

ಟೇಪಮ್ಮ ಗಂಟು ಬಿಚ್ಚಿ, ಒಂದು ಅಂಗಿ ಹರವಿ, ತೋಳಿನ ಕಥೆ ಹೇಳಿದಳು. ಇಪ್ಪತ್ತಾರು ಎಡಗೈಯನ್ನೂ ಬಿಡಲಿಲ್ಲ, ಬೀಗ ಹಾಕಿದ ಬೀರುವನ್ನೂ ಬಿಡಲಿಲ್ಲ. "ನಾನೂ ಮೊದಲು ಪಕ್ಕಪಕ್ಕ ಬರೆದು ಕೆಡಿಸಿದ್ದೆ ಟೀಚರಮ್ಮ. ಎರಡೂ ಗೊತ್ತಿದ್ದವರಿಗೆ ಪಕ್ಕಪಕ್ಕ ಇಟ್ರೆ ಎಲ್ಲಿ ವ್ಯತ್ಯಾಸ ಅಂತ ಕಾಣುತ್ತೆ. ಒಂದೂ ಗೊತ್ತಿಲ್ಲದವರಿಗೆ ಬರೀ ಹೋಲಿಕೆನೇ ಕಾಣೋದು."

ಟೀಚರ ಕಣ್ಣು ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಬಣ್ಣಬಣ್ಣದ ದೊಡ್ಡ ಹಾಳೆ: 'ಒಂದೇ ತರ ಕಾಣುವ ಅಕ್ಷರಗಳು'. ಬ ಪಕ್ಕ ಭ, ದ ಪಕ್ಕ ಧ, ಮ ಪಕ್ಕ ವ, ಸುತ್ತ ಹೂಬಳ್ಳಿ. ಅದನ್ನು ಬರೆಯಲು ಅವರು ಒಂದು ರಜಾ ದಿನ ಪೂರ್ತಿ ಕೂತಿದ್ದರು ಎನ್ನುವುದು ಆ ಬಳ್ಳಿ ನೋಡಿದರೇ ತಿಳಿಯುತ್ತಿತ್ತು.

"ಈ ತರಗತೀಲಿ ಬೆರೆಸೋರು ಇವಳೊಬ್ಬಳೇ ಅಲ್ಲ" ಎಂದರು ಮೆಲ್ಲಗೆ. "ಇನ್ನೂ ಏಳು ಜನ ಇದ್ದಾರೆ. ಅವರೆಲ್ಲ ಹೇಗೋ ಹದಿನೈದು ದಾಟಿದರು. ಆದರೆ ಗೊತ್ತಿದ್ದು ದಾಟಿದ್ದಲ್ಲ." ಮತ್ತೆ ಚೂಟಿಯ ಹಾಳೆ ಎಳೆದುಕೊಂಡು, ಹನ್ನೊಂದು ಎಂದು ಬರೆದು, ಅದರ ಕೆಳಗೆ ಏನೋ ಒಂದು ಸಾಲು ಗೀಚಿದರು.

"ಓದ್ತೀರಾ ಅಮ್ಮಾ?"

ಟೇಪಮ್ಮ ಬೆಳಕಿಗೆ ಹಿಡಿದಳು. ಅಕ್ಷರಗಳು ಕುಣಿಯುತ್ತಿದ್ದವು, ಕಣ್ಣಲ್ಲಿ ನೀರಿದ್ದರೆ ಹಾಗೇ. 'ಬರೆದದ್ದೆಲ್ಲ ಸರಿ. ಈ ಮಗು ಇದೇ ತರಗತಿಯಲ್ಲಿ ಮುಂದುವರಿಯಲಿ. ಉಳಿದೆರಡು ಅಕ್ಷರಕ್ಕೆ ಎರಡು ವಾರ.'

"ದೊಡ್ಡ ಮೇಷ್ಟ್ರು ಕೇಳಿದ್ರೆ?"

"ಕೇಳೇ ಕೇಳ್ತಾರೆ. ನಾನು ಹೇಳ್ಕೋತೀನಿ. ಆ ತೋಳಿನ ಕಥೆ ಇನ್ನೊಂದು ಸಲ ಹೇಳಿ, ಮರೆಯದ ಹಾಗೆ." ಟೀಚರ್ ಎದ್ದು ಹಿಂದಿನ ಗೋಡೆಯ ಹತ್ತಿರ ಹೋದರು. ಹಾಳೆಯ ಮೇಲಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಹರಿಯದೆ, ಜೋಪಾನವಾಗಿ ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟರು. "ವರ್ಷದ ಕೊನೆಗೆ ಬೇಕಾಗುತ್ತೆ. ಎಲ್ಲರ ಪರಿಚಯ ಆದ ಮೇಲೆ."

ಚೂಟಿಗೆ ಆ ಮಾತು ಯಾವುದೂ ಬೇಕಿರಲಿಲ್ಲ. "ನಾನು ಇಲ್ಲೇನಾ? ನನ್ನ ಬೆಂಚಲ್ಲೇನಾ?" ಎಂದು ಎರಡು ಸಲ ಕೇಳಿ, ಹೌದೆಂದು ಎರಡು ಸಲ ಕೇಳಿಸಿಕೊಂಡು, ಅಂಗಳಕ್ಕೆ ಹಾರಿ ಮೂರು ಸುತ್ತು ಓಡಿ ಬಂದಳು. ಟೇಪಮ್ಮ ಬಸ್ ನಿಲ್ದಾಣದ ದಾರಿ ಹಿಡಿದಳು. ಟಿಕೆಟ್ ಕಿಟಕಿಯ ಮುಂದೆ ಉದ್ದನೆಯ ಸಾಲು. ಅವಳು ಸಾಲಿನಲ್ಲೇ ನಿಂತು, ತನ್ನ ಸರದಿ ಬಂದಾಗ ಟಿಕೆಟ್ಟಿನ ದುಡ್ಡಿನ ಬದಲು ಆ ಹಾಳೆಯನ್ನು ಕಿಂಡಿಯೊಳಗೆ ತೂರಿದಳು. ತಂಗಿ ಓದಿದಳು. ಮತ್ತೆ ಓದಿದಳು. ಹಿಂದಿನವರು "ಬೇಗ ಬೇಗ" ಎಂದು ಕೂಗುತ್ತಿದ್ದರೂ ಕಿಂಡಿಯಿಂದ ಕೈ ಹೊರಗೆ ಚಾಚಿ ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಸಂಜೆ ನಾಲ್ಕಕ್ಕೆ ಚೂಟಿ ಅಂಗಡಿಗೆ ನುಗ್ಗಿದಳು. ಚೀಲ ಒಂದು ಕಡೆ, ಚಪ್ಪಲಿ ಒಂದು ಕಡೆ. ಹತ್ತುವುದಕ್ಕೆ ಮೊದಲೇ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಬದಿಗೆ ತಳ್ಳುತ್ತಿದ್ದಳು.

"ದೊಡ್ಡಮ್ಮಾ, ಈಗ ವ ಬರಲಿ!"

"ಇವತ್ತು ಬೇಡ ಕಂದಾ. ಇವತ್ತು ಸುಮ್ಮನೆ ಖುಷಿಯಾಗಿರೋಣ."

"ಹಾಗಾದ್ರೆ ಯಾವಾಗ?"

"ನಾಳೆ."

"ನಾಳೆ ಬೆಳಿಗ್ಗೆನಾ, ಸಂಜೆನಾ?"

"ಬೆಳಿಗ್ಗೆ."

"ಎಷ್ಟು ಗಂಟೆಗೆ?"

ಕಾಜಕ್ಕ ಕಿಟಕಿಯ ಬಳಿಯಿಂದ ನಕ್ಕಳು. ಟೇಪಮ್ಮ ಆಗಲೇ ದಪ್ಪ ನೂಲಿನ ಉಂಡೆ ಎಲ್ಲಿಟ್ಟೆನೆಂದು ಹುಡುಕುತ್ತಿದ್ದಳು.